ಭಾವನ ಕಾಂಗ್, ನನ್ನ ಗಾಡ್ಜಿಲ್ಲಾ: ಯಾರ ವಾದ ಸರಿ?

ಪ್ರಶ್ನೆ: 1998ರ ಹಾಲಿವುಡ್ ‘ಗಾಡ್ಜಿಲ್ಲಾ’ವನ್ನು ಐದನೇ ಕ್ಲಾಸಿನಲ್ಲಿದ್ದಾಗ ಅಪ್ಪನ ಜೊತೆ ಟಾಕೀಸಿನಲ್ಲಿ ನೋಡಿದ್ದೆ. ಇವತ್ತಿಗೂ ಟಿವಿಯಲ್ಲಿ ಬಂದರೆ ಚಾನೆಲ್ ಬದಲಿಸಲು ಮನಸ್ಸಾಗುವುದಿಲ್ಲ. ನನ್ನ ಅಕ್ಕನ ಗಂಡ ಹಳೆಯ ಸಿನಿಮಾಗಳ ಹುಚ್ಚಿನವರು. ಅದು ಗಾಡ್ಜಿಲ್ಲಾನೇ ಅಲ್ಲ, ದೊಡ್ಡ ಓತಿಕ್ಯಾತ ಎಂದು ಗೇಲಿ ಮಾಡುತ್ತಾರೆ. 1976ರ ‘ಕಿಂಗ್ ಕಾಂಗ್’ ಕೂಡ ಅವರ ಲೆಕ್ಕದಲ್ಲಿ ಕಸ. ಮೂಲ ಚಿತ್ರ ಇರುವಾಗ ರೀಮೇಕ್ ಯಾಕೆ ಬೇಕು ಎನ್ನುತ್ತಾರೆ. ಇಂಥ ರೀಮೇಕ್‌ಗಳನ್ನು ಅಳೆಯುವುದಾದರೂ ಹೇಗೆ? ನನಗೆ ಇಷ್ಟವಾದದ್ದನ್ನು ಸಮರ್ಥಿಸಿಕೊಳ್ಳಲು ಏನಾದರೂ ದಾರಿ ಇದೆಯೇ?

ಉತ್ತರ:

ಮೊದಲು ನಿಮ್ಮ ಭಾವನವರ ‘ಓತಿಕ್ಯಾತ’ಕ್ಕೆ ಒಂದು ನಮಸ್ಕಾರ. ಜಪಾನಿನ ಅಭಿಮಾನಿಗಳು ಇಷ್ಟು ವರ್ಷ ಉದ್ದುದ್ದ ಬರೆದು ಹೇಳಿದ್ದನ್ನು ಅವರು ಒಂದೇ ಪದದಲ್ಲಿ ಮುಗಿಸಿದ್ದಾರೆ. ಪ್ರಾಣಿಶಾಸ್ತ್ರದ ಪ್ರಕಾರವೂ ಅದು ತೀರಾ ತಪ್ಪಲ್ಲ. ಆ ಚಿತ್ರದ ಮೃಗ ವಿಕಿರಣಕ್ಕೆ ಸಿಕ್ಕಿ ಬೆಳೆದ ಇಗ್ವಾನಾ, ನಮ್ಮ ಬೇಲಿಯ ಮೇಲೆ ತಲೆದೂಗುವ ಓತಿಕ್ಯಾತಕ್ಕೆ ದೂರದ ದಾಯಾದಿ.

ಇಬ್ಬರದೂ ಅರ್ಧರ್ಧ ಸರಿ ಎಂದು ಪಂಚಾಯ್ತಿ ಮಾಡಿ ಕಳಿಸಿಬಿಡಬಹುದಿತ್ತು. ನನಗೆ ಹಾಗನ್ನಿಸುವುದಿಲ್ಲ. 1976ರ ಕಾಂಗ್ ವಿಷಯದಲ್ಲಿ ಭಾವನವರು ಪೂರ್ತಿ ತಪ್ಪು. 1998ರ ಗಾಡ್ಜಿಲ್ಲಾ ವಿಷಯದಲ್ಲಿ ಅವರ ತೀರ್ಪು ಸರಿ, ಕೊಡುವ ಕಾರಣ ತಪ್ಪು. ನಿಮ್ಮ ಪ್ರೀತಿಗೂ ಒಂದು ನ್ಯಾಯವಾದ ಕಾರಣ ಇದೆ, ಅದು ನಿಮಗೇ ಹೊಳೆದಿಲ್ಲ ಅಷ್ಟೆ.

‘ಮೂಲ ಇರುವಾಗ ರೀಮೇಕ್ ಯಾಕೆ’ ಎಂಬ ಮಾತು ನಮ್ಮಲ್ಲಿ ಸುಲಭವಾಗಿ ಬಾಯಿಗೆ ಬರುತ್ತದೆ. ಕನ್ನಡ ಚಿತ್ರರಂಗದಲ್ಲಿ ರೀಮೇಕ್ ಎನ್ನುವುದು ಎಷ್ಟೋ ಕಾಲದಿಂದ ಅರ್ಧ ಬೈಗುಳ. ಪಕ್ಕದ ಭಾಷೆಯಲ್ಲಿ ಓಡಿದ ಕಥೆಯನ್ನು ತಂದು ಹೆಸರು ಬದಲಿಸಿ ಬಡಿಸುವುದಕ್ಕೆ ಆ ಸಿಟ್ಟು ಸಲ್ಲುತ್ತದೆ. ಆದರೆ ರಾತ್ರಿಯಿಡೀ ಕೂತು ಬಯಲಾಟ ನೋಡುವವರು ಹೀಗೆ ಕೇಳುವುದನ್ನು ನಾನು ಕಂಡಿಲ್ಲ. ದೇವಿ ಮಹಾತ್ಮೆ ಪ್ರಸಂಗದಲ್ಲಿ ದೊಂದಿ ಬೆಳಕಿನಲ್ಲಿ ಜನರ ನಡುವಿನಿಂದಲೇ ಮಹಿಷಾಸುರ ಆರ್ಭಟಿಸುತ್ತ ಬರುತ್ತಾನೆ. ಕಥೆ ಎಲ್ಲರಿಗೂ ಗೊತ್ತು, ಸಾಯುವುದೂ ಗೊತ್ತು. ಕೇಳುವ ಪ್ರಶ್ನೆ ಒಂದೇ: ಈ ಸಲ ಮಹಿಷಾಸುರ ಯಾರು? ಬಣ್ಣದ ವೇಷ ಹಾಕಿದವನ ಮೈ ಎಂಥದ್ದು, ನಡೆ ಎಂಥದ್ದು, ಬೀಳುವಾಗ ಹೇಗೆ ಬಿದ್ದ? ದೈತ್ಯಮೃಗಗಳ ಸಿನಿಮಾವನ್ನೂ ನಾನು ಹಾಗೇ ನೋಡುತ್ತೇನೆ. ಬರುವ ರೀತಿಗಿಂತ ಬೀಳುವ ರೀತಿಯನ್ನೇ ಹೆಚ್ಚು ನೋಡುತ್ತೇನೆ. ಮೃಗ ಹೇಗೆ ಸಾಯುತ್ತದೆ, ಆ ಸಾವಿಗೆ ಬೆಲೆ ತೆರುವವರು ಯಾರು, ಸತ್ತ ಮೇಲೆ ಕ್ಯಾಮೆರಾ ಯಾರ ಮುಖ ನೋಡುತ್ತದೆ? ಮೂಲಕ್ಕೆ ನಿಷ್ಠವಾಗಿದೆಯೇ ಎಂದು ಕೇಳುವುದಕ್ಕಿಂತ ಇದನ್ನು ಕೇಳಿದರೆ ಒಳ್ಳೆಯ ರೀಮೇಕ್, ಕೆಟ್ಟ ರೀಮೇಕ್ ಬೇಗ ಬೇರೆಯಾಗುತ್ತವೆ.

1933ರ ‘ಕಿಂಗ್ ಕಾಂಗ್’ ಚಿತ್ರದಿಂದಲೇ ಹೊರಡೋಣ. ಮೆರಿಯನ್ ಕೂಪರ್ ಮತ್ತು ಅರ್ನೆಸ್ಟ್ ಶೂಡ್‌ಸ್ಯಾಕ್ ನಿರ್ದೇಶಿಸಿದ್ದು. ವಿಲ್ಲಿಸ್ ಓಬ್ರಿಯನ್ ಸುಮಾರು ಒಂದೂವರೆ ಅಡಿಯ ಗೊಂಬೆಯನ್ನು ಒಂದೊಂದೇ ಫ್ರೇಮಿಗೆ ಚೂರು ಚೂರು ಸರಿಸಿ ಅದಕ್ಕೆ ಜೀವ ಕೊಟ್ಟ. ಒಳಗೆ ಲೋಹದ ಅಸ್ಥಿಪಂಜರ, ಮೇಲೆ ಮೊಲದ ತುಪ್ಪಳ. ತೆರೆಯ ಮೇಲೆ ಕಾಂಗ್‌ನ ಮೈಗೂದಲು ಸದಾ ಮಿಸುಕುತ್ತಿರುತ್ತದೆ. ಗೊಂಬೆಯನ್ನು ಹಿಡಿದು ಸರಿಸಿದ ಬೆರಳುಗಳ ಗುರುತು ಅದು. ತಾಂತ್ರಿಕವಾಗಿ ದೋಷ. ನೋಡುವವರಿಗೆ ಮಾತ್ರ ಆ ಪ್ರಾಣಿ ಒಳಗೊಳಗೇ ಕುದಿಯುತ್ತಿದೆ ಅನ್ನಿಸುತ್ತದೆ. ಹಳೆಯ ಕಾಂಗ್‌ನ ಭಕ್ತರು ಮೂಲ ಮೂಲ ಎನ್ನುವಾಗ ಅವರ ಮನಸ್ಸಿನಲ್ಲಿರುವುದು ಕಥೆಗಿಂತ ಹೆಚ್ಚಾಗಿ ಈ ಬೆರಳುಗಳೇ ಇರಬೇಕು. ಆ ಪ್ರೀತಿ ನನಗೂ ಇದೆ.

ಆದರೆ ‘ಮೂಲ’ ಎನ್ನುವುದು ಕಲ್ಲಿನಲ್ಲಿ ಕೆತ್ತಿಟ್ಟದ್ದಲ್ಲ. 1938ರ ಮರುಬಿಡುಗಡೆಯಲ್ಲಿ ಕಾಂಗ್ ಜನರನ್ನು ಬಾಯಲ್ಲಿ ಕಚ್ಚುವ, ಕಾಲಡಿ ತುಳಿಯುವ, ನಾಯಕಿಯ ಬಟ್ಟೆ ಎಳೆಯುವ ಭಾಗಗಳಿಗೆ ಕತ್ತರಿ ಬಿತ್ತು. ಅವು ಮತ್ತೆ ಚಿತ್ರಕ್ಕೆ ಸೇರಲು ಮೂರು ದಶಕ ಬೇಕಾಯಿತು. ಅಂದರೆ ಒಂದಿಡೀ ಪೀಳಿಗೆ ‘ಮೂಲ’ ಎಂದು ಎದೆಗೊತ್ತಿಕೊಂಡಿದ್ದು ಹಲ್ಲು ಕಿತ್ತ ಕಾಂಗ್‌ನನ್ನು.

ಆ ಚಿತ್ರದ ಸಾವು ಹೇಗಿದೆ? ಎಂಪೈರ್ ಸ್ಟೇಟ್ ಕಟ್ಟಡ ಪೂರ್ಣವಾಗಿ ಆಗಿನ್ನೂ ಎರಡೇ ವರ್ಷ. ವಿಮಾನಗಳು ಸುತ್ತುಹಾಕಿ ಗುಂಡು ಹಾರಿಸುತ್ತವೆ, ಕಾಂಗ್ ಬೀಳುತ್ತಾನೆ. ತಮಾಷೆಯೆಂದರೆ ಅವನನ್ನು ಕೊಲ್ಲುವ ವಿಮಾನದಲ್ಲಿ ಕೂತವರು ಸ್ವತಃ ಇಬ್ಬರು ನಿರ್ದೇಶಕರೇ. ಕೆಳಗೆ, ಅವನನ್ನು ಹಿಡಿದು ತಂದ ಪ್ರದರ್ಶಕ ಒಂದು ಡೈಲಾಗ್ ಹೊಡೆದು ತಪ್ಪನ್ನೆಲ್ಲ ಹೆಣ್ಣಿನ ಚೆಲುವಿನ ಮೇಲೆ ಹೊರಿಸಿ ಕೈ ತೊಳೆದುಕೊಳ್ಳುತ್ತಾನೆ. ನಾಯಕಿ ಆನ್ ಕೊನೆಯವರೆಗೂ ಕಾಂಗ್‌ಗೆ ಹೆದರುತ್ತಾಳೆ, ಅವನು ಸತ್ತಾಗ ಅವಳಿಗಾಗುವುದು ಬಿಡುಗಡೆ. ಕಾಂಗ್‌ಗಾಗಿ ಮರುಗುವವರು ಪ್ರೇಕ್ಷಕರು ಮಾತ್ರ, ಚಿತ್ರದೊಳಗೆ ಯಾರೂ ಇಲ್ಲ. ಆ ಕ್ರೌರ್ಯವೇ ಚಿತ್ರದ ಶಕ್ತಿ.

ಈಗ 1976. ನಿರ್ಮಾಪಕ ಡಿನೋ ಡಿ ಲಾರೆಂಟಿಸ್, ನಿರ್ದೇಶಕ ಜಾನ್ ಗಿಲರ್ಮಿನ್. ಈ ಚಿತ್ರವನ್ನು ಬಯ್ಯುವುದು ಬಹಳ ಸುಲಭ, ಏಕೆಂದರೆ ಬೈಸಿಕೊಳ್ಳಲು ಬೇಕಾದ್ದನ್ನೆಲ್ಲ ನಿರ್ಮಾಪಕರೇ ಒದಗಿಸಿದರು. ಕಾರ್ಲೋ ರಾಂಬಾಲ್ಡಿ ಕಟ್ಟಿದ 40 ಅಡಿಯ ಯಾಂತ್ರಿಕ ಕಾಂಗ್‌ಗೆ ಸುಮಾರು 17 ಲಕ್ಷ ಡಾಲರ್ ಸುರಿದರು, ಊರೆಲ್ಲ ಡಂಗುರ ಸಾರಿದರು. ತೆರೆಯ ಮೇಲೆ ಅದು ಕಾಣುವುದು ಕೆಲವೇ ಸೆಕೆಂಡು, ಅದೂ ಮರದ ಬೊಂಬೆಯ ಹಾಗೆ. ಉಳಿದ ಚಿತ್ರದುದ್ದಕ್ಕೂ ಕಾಂಗ್ ಆಗಿ ಬೆವರಿದವನು ಗೊರಿಲ್ಲಾ ಸೂಟ್ ತೊಟ್ಟ ರಿಕ್ ಬೇಕರ್. ಇಷ್ಟಾದರೂ ವಿಷುಯಲ್ ಎಫೆಕ್ಟ್ಸ್‌ಗೆ ವಿಶೇಷ ಆಸ್ಕರ್ ಬಂತು, ‘ಲೋಗನ್ಸ್ ರನ್’ ಜೊತೆ ಹಂಚಿಕೊಂಡು. ಇದನ್ನು ಸಹಿಸದೆ, ಓಬ್ರಿಯನ್ ಹಾಗೆ ಗೊಂಬೆ ಸರಿಸಿ ಜೀವ ಕೊಡುವ ಸ್ಟಾಪ್ ಮೋಷನ್ ಕಲಾವಿದ ಜಿಮ್ ಡ್ಯಾನ್‌ಫರ್ತ್ ಆಸ್ಕರ್ ಕೊಡುವ ಅಕಾಡೆಮಿಗೇ ರಾಜೀನಾಮೆ ಕೊಟ್ಟರು. ಅವರ ಸಿಟ್ಟು ನ್ಯಾಯವಾದದ್ದು. ಆದರೆ ಅದು ಪ್ರಚಾರದ ಸುಳ್ಳಿನ ಮೇಲಿನ ಸಿಟ್ಟು. ಚಿತ್ರದ ಒಳ್ಳೆಯದು ಕೆಟ್ಟದ್ದನ್ನು ಅದು ತೀರ್ಮಾನಿಸುವುದಿಲ್ಲ.

ಸೂಟ್ ಒಳಗಿನ ಮನುಷ್ಯನಿಂದ ಸಿಕ್ಕಿದ್ದೇನು ಎಂದು ನೋಡಿ. ಕಣ್ಣು. ರಿಕ್ ಬೇಕರ್ ಅವರ ನಿಜವಾದ ಕಣ್ಣುಗಳು ಆ ಮುಖವಾಡದ ಹಿಂದಿವೆ. ಜೆಸ್ಸಿಕಾ ಲ್ಯಾಂಗ್ ಅವರನ್ನು ಅಂಗೈಯಲ್ಲಿಟ್ಟುಕೊಂಡು ನೋಡುವಾಗ ಅಲ್ಲಿ ನಾಚಿಕೆ, ಕುತೂಹಲ, ಸ್ವಲ್ಪ ಪೆದ್ದುತನ ಎಲ್ಲ ಕಾಣುತ್ತದೆ. 1933ರ ಗೊಂಬೆಗೆ ಸಿಟ್ಟು ಇತ್ತು, ನೋವಿತ್ತು, ನಾಚಿಕೆ ಇರಲಿಲ್ಲ.

ಕಥೆಯಲ್ಲಿ ಮಾಡಿದ ಬದಲಾವಣೆಯೂ ಬರೀ ಹೊಸ ಬಣ್ಣವಲ್ಲ. ಮೊದಲ ಚಿತ್ರದಲ್ಲಿ ದ್ವೀಪಕ್ಕೆ ಹೋಗುವುದು ಸಿನಿಮಾ ತಂಡ. ಇಲ್ಲಿ ಹೋಗುವುದು ಪೆಟ್ರಾಕ್ಸ್ ಎಂಬ ಕಾಲ್ಪನಿಕ ಎಣ್ಣೆ ಕಂಪನಿ. 1973ರ ತೈಲ ಬಿಕ್ಕಟ್ಟಿನಲ್ಲಿ ಅಮೆರಿಕದವರು ಪೆಟ್ರೋಲ್ ಬಂಕಿನ ಮುಂದೆ ಕ್ಯೂ ನಿಂತು ಮೂರು ವರ್ಷವಾಗಿತ್ತು. ದ್ವೀಪದಲ್ಲಿ ಎಣ್ಣೆ ಸಿಗುವುದಿಲ್ಲ, ಹಾಗಾಗಿ ಕಂಪನಿ ಖರ್ಚು ಗಿಟ್ಟಿಸಲು ಕಾಂಗ್‌ನನ್ನೇ ಹೊತ್ತು ತರುತ್ತದೆ. ತರುವುದು ಎಣ್ಣೆ ಹಡಗಿನ ಹೊಟ್ಟೆಯಲ್ಲಿ, ಎಣ್ಣೆ ತುಂಬಬೇಕಾದ ಜಾಗದಲ್ಲಿ. ನ್ಯೂಯಾರ್ಕಿನಲ್ಲಿ ಜನರ ಮುಂದೆ ಪರದೆ ಸರಿಸಿದಾಗ ಕಾಣುವುದು ಒಂದು ದೈತ್ಯ ಪೆಟ್ರೋಲ್ ಪಂಪ್. ಅದನ್ನು ಎತ್ತಿದರೆ ಒಳಗೆ ಸರಪಳಿಯಲ್ಲಿ ಕಾಂಗ್. ಇದಕ್ಕಿಂತ ನೇರವಾಗಿ ಇನ್ನು ಹೇಗೆ ಹೇಳಬೇಕು? ಆ ಹಡಗಿನ ದೃಶ್ಯವನ್ನಂತೂ ಮತ್ತೆ ಮತ್ತೆ ನೋಡಬೇಕು. ಆಕಾಶವಿಲ್ಲದ ಕಬ್ಬಿಣದ ಬಾವಿಯಲ್ಲಿ ಆ ಪ್ರಾಣಿ ಮಂಕಾಗಿ ಕೂತಿರುವುದು. ಇದು ಹಳೆಯ ಚಿತ್ರದಲ್ಲಿ ಇಲ್ಲವೇ ಇಲ್ಲ. ಅಲ್ಲಿ ದ್ವೀಪದಿಂದ ನ್ಯೂಯಾರ್ಕಿಗೆ ಒಂದೇ ಜಿಗಿತ.

ಕೊನೆಗೆ ಆಗ ಹೊಸದಾಗಿ ಎದ್ದಿದ್ದ ವರ್ಲ್ಡ್ ಟ್ರೇಡ್ ಸೆಂಟರ್. ಹೆಲಿಕಾಪ್ಟರ್‌ಗಳು ಬರುತ್ತವೆ. ಕಾಂಗ್ ತನ್ನನ್ನು ಹಿಡಿದುಕೊಂಡಿದ್ದರೆ ಸೈನಿಕರು ಗುಂಡು ಹಾರಿಸುವುದಿಲ್ಲ ಎಂದು ನಾಯಕಿಗೆ ಗೊತ್ತು. ತನ್ನನ್ನು ಕೆಳಗಿಡಬೇಡ ಎಂದು ಅವಳು ಅವನನ್ನು ಬೇಡಿಕೊಳ್ಳುತ್ತಾಳೆ. ಅವನಿಗೆ ಆ ಮಾತು ಅರ್ಥವಾಗುವುದಿಲ್ಲ, ಅವಳಿಗೆ ಪೆಟ್ಟಾಗದಿರಲಿ ಎಂದು ಕೆಳಗಿಳಿಸಿಬಿಡುತ್ತಾನೆ. ಬಿದ್ದ ಮೇಲೆ ಅವನ ಎದೆಬಡಿತ ಕೇಳಿಸುತ್ತದೆ. ನಿಧಾನವಾಗುತ್ತದೆ. ನಿಲ್ಲುತ್ತದೆ. ಅಷ್ಟರಲ್ಲಿ ಫೋಟೋಗ್ರಾಫರ್‌ಗಳು ಅವಳನ್ನು ಮುತ್ತಿಕೊಳ್ಳುತ್ತಾರೆ. ಅವಳು ನಾಯಕನ ಹೆಸರು ಹಿಡಿದು ಕೂಗುತ್ತಾಳೆ, ಅವನು ಜನಜಂಗುಳಿ ದಾಟಿ ಅವಳ ಹತ್ತಿರ ಹೋಗುವುದೇ ಇಲ್ಲ. ಚಿತ್ರ ಮುಗಿಯಿತು. ಸಿನಿಮಾ ತಾರೆಯಾಗಬೇಕೆಂದು ಆಸೆಪಟ್ಟಿದ್ದ ಹುಡುಗಿಗೆ ಆ ಆಸೆ ಕೈಗೂಡಿದ್ದು ಒಂದು ಹೆಣದ ಪಕ್ಕದಲ್ಲಿ. ಈ ಕೊನೆಯ ಐದು ನಿಮಿಷಕ್ಕಾಗಿ ಚಿತ್ರದ ಅರ್ಧ ಗಂಟೆಯ ಪೆದ್ದು ಸಂಭಾಷಣೆಯನ್ನು ನಾನು ಮಾಫಿ ಮಾಡಲು ಸಿದ್ಧ.

ಭಾವನವರು 2005ರ ಪೀಟರ್ ಜಾಕ್ಸನ್ ಚಿತ್ರವನ್ನು ಒಪ್ಪುತ್ತಾರೋ ಇಲ್ಲವೋ ನೀವು ಬರೆದಿಲ್ಲ. ಹಳೆಯದರ ಭಕ್ತರು ಸಾಮಾನ್ಯವಾಗಿ ಒಪ್ಪುತ್ತಾರೆ. ಒಪ್ಪಿದರೆ ಅಲ್ಲೇ ಹಿಡಿಯಿರಿ. ಜಾಕ್ಸನ್ ಕಥೆಯನ್ನು 1933ರಲ್ಲೇ ನಿಲ್ಲಿಸಿದರು, ಎಂಪೈರ್ ಸ್ಟೇಟ್ ಕಟ್ಟಡಕ್ಕೇ ಮರಳಿದರು, ವಿಮಾನಗಳನ್ನೂ ಮರಳಿ ತಂದರು. ಮೇಲಿಂದ ಮೇಲೆ ಪೂಜೆ. ಆದರೆ ನಾಯಕಿ ಕಾಂಗ್‌ಗಾಗಿ ಮರುಗುವುದು, ಅವನನ್ನು ಉಳಿಸಲು ಗುಂಡಿಗೆ ಅಡ್ಡ ನಿಲ್ಲುವುದು? ಅದು 1933ರಿಂದ ಬಂದದ್ದಲ್ಲ. ಎಲ್ಲರೂ ಉಗಿದ 1976ರ ಚಿತ್ರದ ಅಂಗಡಿಯಿಂದ ತಂದ ಸಾಮಾನು. ತಾತನ ಫೋಟೋಕ್ಕೆ ಹಾರ, ಊಟ ಮಾತ್ರ ಚಿಕ್ಕಪ್ಪನ ಮನೆಯಲ್ಲಿ.

ಜಾಕ್ಸನ್ ಚಿತ್ರದಲ್ಲಿ ಆಂಡಿ ಸರ್ಕಿಸ್ ಗೊರಿಲ್ಲಾಗಳನ್ನು ಗಮನಿಸಿ ಕಟ್ಟಿದ ನಟನೆ ಅದ್ಭುತ, ಅನುಮಾನವೇ ಇಲ್ಲ. ಸೆಂಟ್ರಲ್ ಪಾರ್ಕಿನ ಹೆಪ್ಪುಗಟ್ಟಿದ ಕೊಳದ ಮೇಲೆ ಕಾಂಗ್ ಜಾರುತ್ತ ಆಡುವ ದೃಶ್ಯವನ್ನು ಅತಿಯಾಯಿತು ಎನ್ನುವವರಿದ್ದಾರೆ. ನನಗದು ಇಷ್ಟ. ಆದರೆ 100 ನಿಮಿಷದ ಕಥೆ 187 ನಿಮಿಷವಾಗಿದೆ. ಡೈನೋಸಾರ್‌ಗಳ ಕಾಲಡಿ ಹತ್ತಾರು ಜನ ಓಡುವ ಭಾಗ ಮುಗಿಯುವುದೇ ಇಲ್ಲ. ಇನ್ನೊಂದು ಮಾತು. ಮೂಲದಲ್ಲಿ ದ್ವೀಪವಾಸಿಗಳನ್ನು ತೋರಿಸಿದ ರೀತಿ ಆ ಕಾಲದ ಜನಾಂಗೀಯ ತಾತ್ಸಾರದ್ದು. 72 ವರ್ಷ ಕಳೆದ ಮೇಲೂ ಜಾಕ್ಸನ್ ಅದನ್ನು ತಿದ್ದಲಿಲ್ಲ, ಇನ್ನಷ್ಟು ಭೀಕರ ಮಾಡಿದರು. ಮೂಲನಿಷ್ಠೆ ಎಲ್ಲಿ ಬೇಡವೋ ಅಲ್ಲಿಯೇ ಹೆಚ್ಚಾಯಿತು.

(ಕಾಂಗ್ ಯಾರ ಆಸ್ತಿ ಎಂಬುದು ಬೇರೆಯೇ ರಾಮಾಯಣ. 1970ರ ದಶಕದಲ್ಲಿ ಯೂನಿವರ್ಸಲ್ ಸಂಸ್ಥೆ ಕಾಂಗ್ ಕಥೆ ಯಾರೊಬ್ಬರ ಸ್ವತ್ತೂ ಅಲ್ಲ, ಸಾರ್ವಜನಿಕರದು ಎಂದು ಕೋರ್ಟಿನಲ್ಲಿ ವಾದಿಸಿತು. 1982ರಲ್ಲಿ ಅದೇ ಸಂಸ್ಥೆ ಡಾಂಕಿ ಕಾಂಗ್ ವಿಡಿಯೋ ಗೇಮ್ ಮಾಡಿದ ನಿಂಟೆಂಡೋ ಮೇಲೆ, ಕಾಂಗ್ ನಮ್ಮವನು ಎಂದು ದಾವೆ ಹೂಡಿತು. ಹಳೆಯ ವಾದವೇ ಉರುಳಾಗಿ ಸೋತಿತು.)

ಇನ್ನು ನಿಮ್ಮ ಗಾಡ್ಜಿಲ್ಲಾ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ಹವಳದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸಿತು. ದೂರದಲ್ಲಿ ಮೀನು ಹಿಡಿಯುತ್ತಿದ್ದ ‘ಲಕ್ಕಿ ಡ್ರ್ಯಾಗನ್’ ಎಂಬ ಜಪಾನಿ ದೋಣಿಯ 23 ಜನರ ಮೇಲೆ ವಿಕಿರಣದ ಬೂದಿ ಉದುರಿತು. ಸೆಪ್ಟೆಂಬರ್‌ನಲ್ಲಿ ಅವರಲ್ಲೊಬ್ಬರು ತೀರಿಕೊಂಡರು. ನವೆಂಬರ್ 3ರಂದು ಗಾಡ್ಜಿಲ್ಲಾದ ಮೂಲ ಜಪಾನಿ ಚಿತ್ರ ‘ಗೊಜಿರಾ’ ತೆರೆಕಂಡಿತು. ಆ ಚಿತ್ರ ಶುರುವಾಗುವುದೇ ಸಮುದ್ರದಲ್ಲಿ ಒಂದು ಬೆಳಕು ಮಿಂಚಿ ಹಡಗು ಮುಳುಗುವುದರಿಂದ. ಜಪಾನಿನ ಪ್ರೇಕ್ಷಕನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಿರ್ದೇಶಕ ಇಶಿರೋ ಹೊಂಡಾ ಯುದ್ಧದಿಂದ ಹಿಂತಿರುಗಿದ ಸೈನಿಕ.

ಎಫೆಕ್ಟ್ಸ್ ಹೊಣೆ ಹೊತ್ತ ಎಯಿಜಿ ತ್ಸುಬುರಾಯಾ 1933ರ ಕಾಂಗ್ ನೋಡಿ ಮಾರುಹೋದವರು. ಅದೇ ರೀತಿ ಗೊಂಬೆ ಸರಿಸಿ ಮಾಡುವಷ್ಟು ಸಮಯ ಇರಲಿಲ್ಲ, ಹಾಗಾಗಿ ಸೂಟ್. ಸೂಟಿನ ಮೃಗಕ್ಕೆ ಭಾರ ಹೇಗೆ ಬಂತು ಎಂಬ ಲೆಕ್ಕವನ್ನು ಹೇಳುತ್ತೇನೆ, ಭಾವನವರ ಜೊತೆಗಿನ ಜಗಳದಲ್ಲಿ ಕೆಲಸಕ್ಕೆ ಬರುತ್ತದೆ. 50 ಮೀಟರ್ ಎತ್ತರದಿಂದ ಬೀಳುವ ಕಲ್ಲು ನೆಲ ಮುಟ್ಟಲು ಮೂರು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಬೇಕು. 2 ಮೀಟರ್ ಎತ್ತರದಿಂದ ಬೀಳುವುದಕ್ಕೆ ಒಂದು ಸೆಕೆಂಡೂ ಬೇಡ. ಎತ್ತರ 25 ಪಟ್ಟಾದರೆ ಸಮಯ 5 ಪಟ್ಟು. ಆದ್ದರಿಂದ 2 ಮೀಟರ್ ಸೂಟಿನ ಮನುಷ್ಯ 50 ಮೀಟರ್‌ನ ಮೃಗವಾಗಿ ಕಾಣಬೇಕಾದರೆ ಕ್ಯಾಮೆರಾ ಮಾಮೂಲಿಗಿಂತ ಐದು ಪಟ್ಟು ವೇಗವಾಗಿ ಓಡಬೇಕು. ಸೆಕೆಂಡಿಗೆ 24ರ ಬದಲು 120 ಫ್ರೇಮ್. ಲೆಕ್ಕದ ಮಾತು ಇದು, ಸೆಟ್ಟಿನಲ್ಲಿ ಅಷ್ಟು ಕರಾರುವಾಕ್ಕಾಗಿ ನಡೆಯುವುದಿಲ್ಲ. ಆದರೂ ವೇಗವಾಗಿ ಹಿಡಿದು ನಿಧಾನವಾಗಿ ತೋರಿಸಿದ್ದರಿಂದಲೇ ಆ ಮೃಗ ನಡೆಯುವಾಗ ನೆಲ ನಡುಗಿದ ಹಾಗಾಗುವುದು. ರಬ್ಬರ್ ಸೂಟ್ ಎಂದು ನಗುವವರು ಮರೆಯುವುದು ಇದನ್ನು.

ರೋಲಂಡ್ ಎಮರಿಕ್ ಅವರ 1998ರ ಮೃಗಕ್ಕೆ ಕಂಪ್ಯೂಟರ್ ಗ್ರಾಫಿಕ್ಸ್ ಬಂತು. ವಿನ್ಯಾಸಕಾರ ಪ್ಯಾಟ್ರಿಕ್ ಟಾಟೊಪೌಲೋಸ್ ಅದನ್ನು ಬಾಗಿದ ಮೈಯ, ಉದ್ದ ಕಾಲಿನ ಓಟಗಾರನಾಗಿ ಮಾಡಿದರು. ಕಂಪ್ಯೂಟರಿಗೆ ಭಾರದ ಹಂಗಿಲ್ಲ, ಹಾಗಾಗಿ ಅದು ಮ್ಯಾನ್‌ಹಟನ್ ಬೀದಿಗಳಲ್ಲಿ ಬೆಕ್ಕಿನ ಹಾಗೆ ತಿರುಗುತ್ತದೆ. ಒಂದು ದೃಶ್ಯದಲ್ಲಿ ಗಗನಚುಂಬಿಯಷ್ಟು ಎತ್ತರ, ಇನ್ನೊಂದರಲ್ಲಿ ಮೆಟ್ರೋ ಸುರಂಗದೊಳಗೆ ನುಸುಳುತ್ತದೆ. ಕ್ಷಿಪಣಿ ಕಂಡರೆ ಓಡಿಹೋಗುತ್ತದೆ. ಭಾವನವರ ಗೇಲಿಯೆಲ್ಲ ಇಲ್ಲಿಗೆ. ಆದರೆ ರೂಪ ಬದಲಾದದ್ದೇ ಪಾಪ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಜಪಾನಿನವರೇ ಅದರ ರೂಪವನ್ನು ಎಷ್ಟು ಸಲ ಬದಲಿಸಿದ್ದಾರೆ! 1984ರಲ್ಲಿ ಹೊಸದಾಗಿ ಶುರು ಮಾಡಿದರು, 2016ರಲ್ಲಿ ಮತ್ತೆ, 2023ರಲ್ಲಿ ಮತ್ತೊಮ್ಮೆ. 2016ರ ‘ಶಿನ್ ಗಾಡ್ಜಿಲ್ಲಾ’ದ ಮೃಗ ಮೊದಲು ನೀರಿನಿಂದ ಬಂದಾಗ ಮೀನಿನ ಕಣ್ಣು ಬಿಟ್ಟುಕೊಂಡು ತೆವಳುತ್ತದೆ, ಓತಿಕ್ಯಾತಕ್ಕಿಂತ ಕಡೆ. ಯಾರೂ ಅದನ್ನು ಗಾಡ್ಜಿಲ್ಲಾ ಅಲ್ಲ ಎನ್ನಲಿಲ್ಲ.

ಎರಡನೇ ಆರೋಪ ಇನ್ನೂ ಗಂಭೀರ. ಮೂಲದ ಮೃಗವನ್ನು ಎಬ್ಬಿಸಿದ್ದು ಅಮೆರಿಕದ ಬಾಂಬ್. ಅಮೆರಿಕದವರು ರೀಮೇಕ್ ಮಾಡಿದಾಗ ತಪ್ಪು ಫ್ರಾನ್ಸಿನ ತಲೆಗೆ ಹೋಯಿತು. ಫ್ರಾನ್ಸ್ ಪೂರ್ತಿ ಅಮಾಯಕವೇನಲ್ಲ. 1966ರಿಂದ 1996ರ ತನಕ ಪಾಲಿನೇಷ್ಯಾದಲ್ಲಿ 193 ಅಣುಪರೀಕ್ಷೆ ನಡೆಸಿತ್ತು, ಕೊನೆಯವು ನಡೆದಾಗ ಜಗತ್ತೆಲ್ಲ ಪ್ರತಿಭಟಿಸಿತ್ತು, ಆ ಸುದ್ದಿ ಇನ್ನೂ ಬಿಸಿಯಾಗಿತ್ತು. ಆದರೂ ತಾನು ಮಾಡಿದ ಕೊಲೆಗೆ ನೆರೆಮನೆಯವನ ಮೇಲೆ ಕಂಪ್ಲೇಂಟು ಕೊಟ್ಟ ಹಾಗಾಯಿತಲ್ಲ. ಭಾವನವರು ಇದನ್ನು ಎತ್ತಿದರೆ ಒಪ್ಪಿಕೊಳ್ಳಿ, ಜೊತೆಗೆ ಇದನ್ನೂ ಕೇಳಿ: 2014ರ ಹಾಲಿವುಡ್ ಗಾಡ್ಜಿಲ್ಲಾ ಏನು ಹೇಳುತ್ತದೆ? ಪೆಸಿಫಿಕ್‌ನಲ್ಲಿ 1954ರಲ್ಲಿ ಸಿಡಿದವು ಪರೀಕ್ಷೆಗಳೇ ಅಲ್ಲವಂತೆ, ಮೃಗವನ್ನು ಕೊಲ್ಲುವ ಪ್ರಯತ್ನವಂತೆ! ಲಕ್ಕಿ ಡ್ರ್ಯಾಗನ್ ದೋಣಿಯ ಮೇಲೆ ಬಿದ್ದ ಬೂದಿಗೆ ಅದು ಎಂಥ ಸಬೂಬು. 1998ರದಕ್ಕಿಂತ ಇದು ನನಗೆ ಹೆಚ್ಚು ಕಸಿವಿಸಿ ಮಾಡುತ್ತದೆ. ಆದರೆ ಮೃಗ ಮಾತ್ರ ಸರಿಯಾಗಿ ಕಂಡಿತು, ನೀಲಿ ಬೆಂಕಿ ಉಗುಳಿತು, ಅಭಿಮಾನಿಗಳು ಚಪ್ಪಾಳೆ ತಟ್ಟಿದರು.

ಹಾಗಾದರೆ 1998ರ ಚಿತ್ರ ನಿಜವಾಗಿ ಸೋತದ್ದೆಲ್ಲಿ? ಬ್ರೂಕ್ಲಿನ್ ಸೇತುವೆಯ ಮೇಲೆ.

ಮೃಗ ಸೇತುವೆಯ ಹಗ್ಗಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಯುದ್ಧವಿಮಾನಗಳ ಕ್ಷಿಪಣಿ ಬಡಿಯುತ್ತವೆ. ಬೀಳುತ್ತದೆ. ಎದೆಬಡಿತ ಕೇಳುತ್ತದೆ, ನಿಧಾನವಾಗುತ್ತದೆ, ನಿಲ್ಲುತ್ತದೆ, ರೆಪ್ಪೆ ಮುಚ್ಚುತ್ತದೆ. 1976ರ ಕಾಂಗ್‌ನಲ್ಲಿ ನೋಡಿದ ಅದೇ ಎದೆಬಡಿತ. ಅಲ್ಲಿ ಗಂಟಲು ಕಟ್ಟುತ್ತದೆ, ಇಲ್ಲಿ ಕಟ್ಟುವುದಿಲ್ಲ. ಮರುಕ್ಷಣವೇ ಸೈನಿಕರು ಕೇಕೆ ಹಾಕುತ್ತಾರೆ, ಜೋಡಿಗಳು ಒಂದಾಗುತ್ತವೆ. ಆಮೇಲೆ ಕುಸಿದ ಕ್ರೀಡಾಂಗಣದಲ್ಲಿ ಉಳಿದ ಒಂದು ಮೊಟ್ಟೆ ಒಡೆಯುತ್ತದೆ, ಮುಂದಿನ ಭಾಗಕ್ಕೆ ಅಡ್ವಾನ್ಸ್ ಬುಕಿಂಗ್. ಸಾವಿನ ಮನೆಯಲ್ಲಿ ಚೀಟಿ ಹಣ ವಸೂಲಿಗೆ ಬಂದವರ ಹಾಗೆ.

ಬೇಸರವೆಂದರೆ ಆ ಚಿತ್ರದ ಕೈಯಲ್ಲಿ ಎಲ್ಲ ಇತ್ತು. ಕಥೆಯ ಸಿಪ್ಪೆ ಸುಲಿದು ನೋಡಿ. ಅದು ಊರು ನಾಶಮಾಡಲು ಬಂದ ಮೃಗವಲ್ಲ. ಮೊಟ್ಟೆಯಿಡಲು ಜಾಗ ಹುಡುಕಿಕೊಂಡು ಬಂದ ಒಂಟಿ ಪ್ರಾಣಿ. ನಾಯಕ ಅದರ ರಕ್ತವನ್ನು ಔಷಧಿ ಅಂಗಡಿಯ ಗರ್ಭಪರೀಕ್ಷೆಯ ಕಿಟ್‌ನಲ್ಲಿ ನೋಡಿ ಅದು ಬಸಿರಿ ಎಂದು ಪತ್ತೆ ಮಾಡುತ್ತಾನೆ (ನಗು ಬಂದರೂ ಆ ಐಡಿಯಾ ನನಗಿಷ್ಟ). ಕ್ರಿಸ್ಲರ್ ಕಟ್ಟಡದ ತುದಿ ಉರುಳಿಸುವುದು ಅದಲ್ಲ, ಗುರಿ ತಪ್ಪಿದ ಸೈನ್ಯದ ಕ್ಷಿಪಣಿ. ಕೊನೆಗೆ ಬಾಂಬ್ ಹಾಕಿ ಸುಟ್ಟ ಮರಿಗಳ ನಡುವೆ ತಾಯಿ ಎದ್ದು ಬಂದು ಒಂದನ್ನು ಮೂತಿಯಿಂದ ಅಲುಗಿಸಿ ನೋಡುತ್ತದೆ. ಇಡೀ ಚಿತ್ರದಲ್ಲಿ ಅದೊಂದು ಗಳಿಗೆ ಅದು ನಿಜವಾದ ಪ್ರಾಣಿ. ದಾರಿ ತಪ್ಪಿ ಊರಿಗೆ ಬಂದ ಆನೆಯನ್ನು ಜನ ಕಿರುಚಾಡುತ್ತ ಅಟ್ಟಾಡಿಸುವುದನ್ನು ಒಮ್ಮೆಯಾದರೂ ಕಂಡ ನಮ್ಮ ಕಡೆಯವರಿಗೆ ಈ ಕಥೆ ಎಲ್ಲಿ ತಾಗುತ್ತದೆ ಎಂದು ಹೇಳಬೇಕಾಗಿಲ್ಲ. ಐದನೇ ಕ್ಲಾಸಿನ ನಿಮ್ಮನ್ನು ಹಿಡಿದದ್ದು ಇದೇ ಇರಬೇಕು ಎಂಬುದು ನನ್ನ ಊಹೆ. ಮಕ್ಕಳು ಮೃಗದ ಪರವಾಗಿಯೇ ಸಿನಿಮಾ ನೋಡುತ್ತಾರೆ.

ಆದರೆ ಚಿತ್ರಕ್ಕೆ ಅದರ ಮೇಲೆ ಮನಸ್ಸಿರಲಿಲ್ಲ. ಆ ಮರಿಗಳನ್ನು ಅಲ್ಲಿಯವರೆಗೆ ‘ಜುರಾಸಿಕ್ ಪಾರ್ಕ್’ನ ಡೈನೋಸಾರ್‌ಗಳ ನಕಲಿನಂತೆ, ಜಿರಳೆಗಳಂತೆ ತೋರಿಸಿಯಾಗಿತ್ತು. ತಾಯಿಯ ಸಂಕಟದ ಮರುಕ್ಷಣ ಟ್ಯಾಕ್ಸಿ ಚೇಸು, ಜೋಕು. ಮೇಯರ್‌ನ ಪಾತ್ರವನ್ನು ತಮಗಾಗದ ಸಿನಿಮಾ ವಿಮರ್ಶಕರೊಬ್ಬರ ವ್ಯಂಗ್ಯಚಿತ್ರವನ್ನಾಗಿ ಮಾಡಲು ಇದ್ದ ಶ್ರದ್ಧೆಯ ಅರ್ಧ ಆ ತಾಯಿಯ ಮೇಲೆ ಇದ್ದಿದ್ದರೆ ನಾನಿವತ್ತು ಬೇರೆ ಉತ್ತರ ಬರೆಯುತ್ತಿದ್ದೆ.

1954ರ ಕೊನೆಯನ್ನು ಇದರ ಪಕ್ಕದಲ್ಲಿಡಿ. ಸೆರಿಜಾವಾ ಎಂಬ ವಿಜ್ಞಾನಿ ನೀರಿನ ಆಮ್ಲಜನಕವನ್ನೇ ನಾಶಮಾಡುವ ಅಸ್ತ್ರ ಕಂಡುಹಿಡಿದಿದ್ದಾನೆ. ಅದೂ ಬಾಂಬಿನ ಹಾಗೆ ಕೆಟ್ಟ ಕೈಗಳಿಗೆ ಸೇರೀತು ಎಂಬ ಭಯ ಅವನಿಗೆ. ಟಿಪ್ಪಣಿಗಳನ್ನೆಲ್ಲ ಸುಡುತ್ತಾನೆ, ಸಮುದ್ರದಾಳಕ್ಕಿಳಿದು ಅಸ್ತ್ರ ಬಿಡುತ್ತಾನೆ, ತನ್ನ ಗಾಳಿಕೊಳವೆಯನ್ನು ತಾನೇ ಕತ್ತರಿಸಿಕೊಳ್ಳುತ್ತಾನೆ. ಮೃಗದ ಜೊತೆ ಗುಟ್ಟೂ ಸಾಯಬೇಕು, ಗುಟ್ಟು ಗೊತ್ತಿದ್ದವನೂ ಸಾಯಬೇಕು. ಹಡಗಿನ ಮೇಲೆ ಉಳಿದವರ ಮುಖದಲ್ಲಿ ಗೆಲುವಿಲ್ಲ. ಅಣುಪರೀಕ್ಷೆ ನಿಲ್ಲದಿದ್ದರೆ ಇನ್ನೊಂದು ಬಂದೀತು ಎಂದು ಮುದುಕ ಪ್ರೊಫೆಸರ್ ಗೊಣಗುತ್ತಾರೆ. 2016ರ ಚಿತ್ರ ಫುಕುಶಿಮಾ ಅಣುಸ್ಥಾವರ ದುರಂತದ ನೆರಳಿನಲ್ಲಿ ಬಂದದ್ದು. ಅಲ್ಲಿ ಮೃಗ ಸಾಯುವುದೇ ಇಲ್ಲ, ಟೋಕಿಯೋ ನಡುವೆ ಹೆಪ್ಪುಗಟ್ಟಿ ನಿಂತಿರುತ್ತದೆ. ಜನ ಅದರ ನೆರಳಲ್ಲೇ ಬದುಕಬೇಕು. ಮೂಲದಿಂದ ಇಷ್ಟು ದೂರ ಹೋಗಿಯೂ ಮೂಲಕ್ಕೆ ಇಷ್ಟು ಹತ್ತಿರವಾದ ಇನ್ನೊಂದು ರೀಮೇಕ್ ನನಗೆ ತೋಚುವುದಿಲ್ಲ.

‘ಕಾಲ ಎಲ್ಲವನ್ನೂ ಸರಿಮಾಡುತ್ತದೆ, ಈಗ ಬೈದ ರೀಮೇಕನ್ನು ಮುಂದೆ ಹೊಗಳುತ್ತಾರೆ’ ಎಂಬ ವಾದವನ್ನು ದಯವಿಟ್ಟು ಬಳಸಬೇಡಿ. ಅದಕ್ಕೆ ಎಲ್ಲರೂ ಕೊಡುವ ಉದಾಹರಣೆ ಜಾನ್ ಕಾರ್ಪೆಂಟರ್ ಅವರ ‘ದ ಥಿಂಗ್’. 1982ರ ಜೂನ್‌ನಲ್ಲಿ, ‘ಇ.ಟಿ.’ ಬಂದ ಎರಡೇ ವಾರಕ್ಕೆ ಬಿಡುಗಡೆಯಾಗಿ ನೆಲಕಚ್ಚಿತು, ಈಗ ಶ್ರೇಷ್ಠ ಎನ್ನಿಸಿಕೊಂಡಿದೆ. ನಿಜ. ಆದರೆ ಅದು ಸುಮ್ಮನೆ ಹಳತಾಗಿ ಶ್ರೇಷ್ಠವಾಗಲಿಲ್ಲ. ಅದಕ್ಕೂ ಮೊದಲು ಅದೇ ಕಥೆಯಿಂದ ಬಂದಿದ್ದ 1951ರ ಚಿತ್ರ ಜಾನ್ ಕ್ಯಾಂಬೆಲ್ ಅವರ 1938ರ ಕಥೆಯ ಮುಖ್ಯ ವಿಷಯವನ್ನೇ, ಯಾರ ರೂಪವನ್ನು ಬೇಕಾದರೂ ತಾಳುವ ಜೀವಿ ಎಂಬುದನ್ನೇ ಬಿಟ್ಟು ವೇಷ ತೊಟ್ಟ ಎತ್ತರದ ನಟನನ್ನು ನಿಲ್ಲಿಸಿತ್ತು. ಕಾರ್ಪೆಂಟರ್ ಅದನ್ನು ಮರಳಿ ತಂದರು. ಕೊನೆಯಲ್ಲಿ ಹಿಮದ ನಡುವೆ ಉರಿಯುವ ಶಿಬಿರದೆದುರು ಇಬ್ಬರು ಗಂಡಸರು ಕೂತಿದ್ದಾರೆ. ಮೃಗ ಸತ್ತಿದೆಯೋ, ಇಬ್ಬರಲ್ಲೊಬ್ಬ ಅದೇ ಆಗಿದ್ದಾನೋ, ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಸಾವಿನ ಖಾತ್ರಿಯೇ ಇಲ್ಲದ ಆ ಮುಕ್ತಾಯವನ್ನು ಆ ಬೇಸಿಗೆಯ ಪ್ರೇಕ್ಷಕರು ಸಹಿಸಲಿಲ್ಲ. ಅದರ ಗುಣ ಮೊದಲ ದಿನವೇ ಅದರಲ್ಲಿತ್ತು. 1998ರ ಗಾಡ್ಜಿಲ್ಲಾವನ್ನು ಎಷ್ಟು ವರ್ಷ ಉಪ್ಪಿನಕಾಯಿ ಹಾಕಿಟ್ಟರೂ ಆ ಸೇತುವೆಯ ದೃಶ್ಯಕ್ಕೆ ಹುಳಿ ಏರುವುದಿಲ್ಲ.

ನಿಮಗೊಂದು ಉಪಾಯ. ಭಾವನವರು ಮನೆಗೆ ಬಂದಾಗ ಚಿತ್ರಗಳನ್ನು ಪೂರ್ತಿ ಹಾಕಬೇಡಿ, ಅಕ್ಕ ಬೈಯುತ್ತಾರೆ. 1933, 1976 ಮತ್ತು 2005ರ ಕಾಂಗ್‌ಗಳ ಕೊನೆಯ ಹತ್ತು ನಿಮಿಷಗಳನ್ನು ಒಂದರ ಹಿಂದೊಂದು ಹಾಕಿ. ಆಮೇಲೆ 1954 ಮತ್ತು 1998ರ ಗಾಡ್ಜಿಲ್ಲಾಗಳ ಕೊನೆ. ಎರಡು ಗಂಟೆಯೊಳಗೆ ಮುಗಿಯುತ್ತದೆ. 1976ರದ್ದು ಬಂದಾಗ ಅವರ ಮುಖ ನೋಡಿ, ಪರದೆ ನೋಡಬೇಡಿ.

1998ರ ಸರದಿ ಬಂದು ಅವರು ನಗತೊಡಗಿದರೆ ಅವರಿಗೆ ಈ ಸುದ್ದಿ ಹೇಳಿ, ಅವರ ಪಕ್ಷದ್ದೇ ಆದರೂ. ಜಪಾನಿನ ಟೊಹೊ ಸಂಸ್ಥೆ ಆ ಮೃಗವನ್ನು ಮರೆಯಲಿಲ್ಲ. 2001ರ ತಮ್ಮ ಗಾಡ್ಜಿಲ್ಲಾ ಚಿತ್ರದಲ್ಲಿ ಒಂದು ಮಾತು ಸೇರಿಸಿದರು: ಹಿಂದೆ ನ್ಯೂಯಾರ್ಕಿಗೂ ಒಂದು ಮೃಗ ಬಂದಿತ್ತು, ಅಮೆರಿಕದವರು ಅದನ್ನು ಗಾಡ್ಜಿಲ್ಲಾ ಎನ್ನುತ್ತಾರೆ, ನಮ್ಮ ವಿದ್ವಾಂಸರಿಗೆ ಅನುಮಾನ. ಆಮೇಲೆ ಅದರ ಹೆಸರಿನಿಂದ ‘ಗಾಡ್’ ತೆಗೆದು ‘ಜಿಲ್ಲಾ’ ಎಂದಷ್ಟೇ ಕರೆದು, 2004ರ ಚಿತ್ರದಲ್ಲಿ ಸಿಡ್ನಿಗೆ ಕರೆಸಿ ತಮ್ಮ ಗಾಡ್ಜಿಲ್ಲಾನ ಕೈಯಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಸಾಯಿಸಿದರು. ಅದರ ಜೊತೆ ಅಲ್ಲಿನ ಆಪೆರಾ ಹೌಸ್ ಕೂಡ ಸುಟ್ಟುಹೋಯಿತು. ಭಾವನವರು ಚಪ್ಪಾಳೆ ಹೊಡೆಯುತ್ತಾರೆ. ಆಗ ಕೇಳಿ: ಭಾವ, ಇದರಲ್ಲಿ ಎದೆಬಡಿತ ಕೇಳಿಸಿತಾ?